ಒಂದು ಸರ್ವರ್, ಐದು ಮಷಿನ್, ದಿನಕ್ಕೆರಡು ಖಾಲಿ ಗೆರೆ

ನಮ್ಮ ಸಂಸ್ಥೆಗೆ ಮೂರು ಕಾಲೇಜು. ಯಾದಗಿರಿಯಲ್ಲೊಂದು, ಶಹಾಪುರದಲ್ಲೊಂದು, ಸುರಪುರದಲ್ಲೊಂದು. ಮೂರಕ್ಕೂ ಸೇರಿ ಕಂಪ್ಯೂಟರ್ ಗೊತ್ತಿರುವವಳು ನಾನೊಬ್ಬಳೇ. ನೇಮಕದ ಕಾಗದದಲ್ಲಿ ‘ಲ್ಯಾಬ್ ಸಹಾಯಕಿ’ ಅಂತ ಇದೆ. ಕೆಲಸ ಮಾತ್ರ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ ಎಳೆಯುವುದರಿಂದ ಹಿಡಿದು ಪ್ರಿನ್ಸಿಪಾಲರ ಮಗಳ ಲಗ್ನಪತ್ರಿಕೆಯ ಅಕ್ಷರ ತಿದ್ದುವವರೆಗೆ. ಎಂಟು ವರ್ಷದಲ್ಲಿ ಒಬ್ಬರೂ ನನ್ನ ಕೆಲಸವನ್ನು ಹೊಗಳಿರಲಿಲ್ಲ. ಫ್ಯಾನ್ ತಿರುಗಿದರೆ ಯಾರೂ ಹೊಗಳುವುದಿಲ್ಲ, ನಿಂತರೆ ಎಲ್ಲರೂ ಬೈಯುತ್ತಾರೆ, ನನ್ನ ಪಾಡೂ ಅದೇ ಆಗಿತ್ತು.

ಮೂರು ಕಾಲೇಜಿನ ಕಚೇರಿ ಕೆಲಸ ಆಗ ಹಳೆಯ ಕಂಪ್ಯೂಟರುಗಳಲ್ಲಿ ಕುಂಟುತ್ತ ನಡೆಯುತ್ತಿತ್ತು. ಒಂದು ಕೆಟ್ಟರೆ ಅದರಲ್ಲಿದ್ದದ್ದೆಲ್ಲ ಹೋದ ಹಾಗೆಯೇ. ನಾನು ಆಡಳಿತ ಮಂಡಳಿಗೆ ಒಂದು ಪತ್ರ ಬರೆದೆ: ಶಹಾಪುರದಲ್ಲಿ ಒಂದು ಗಟ್ಟಿ ಸರ್ವರ್ ಇಡೋಣ, ಅದಕ್ಕೆ ಲಿನಕ್ಸ್ ಹಾಕೋಣ, ಅದರೊಳಗೆ ಐದು ವರ್ಚುವಲ್ ಮಷಿನ್ ಮಾಡೋಣ. ಕಾಲೇಜಿಗೊಂದರಂತೆ ಮೂರು, ಸಿಬ್ಬಂದಿಯ ಹಾಜರಿಗೆ ಒಂದು, ಶಹಾಪುರದ ಹುಡುಗಿಯರ ಹಾಸ್ಟೆಲಿಗೆ ಒಂದು. ಸಭೆಯಲ್ಲಿ ನನ್ನನ್ನು ನಿಲ್ಲಿಸಿ ಅರ್ಥ ಕೇಳಿದರು. ಪೆಟ್ಟಿಗೆ ಒಂದೇ, ಆದರೆ ಒಳಗೆ ಐದು ಬೇರೆ ಬೇರೆ ಕಂಪ್ಯೂಟರ್ ಇದ್ದಂತೆ ಕೆಲಸ ನಡೆಯುತ್ತದೆ, ಒಂದು ಕೆಟ್ಟರೆ ಪಕ್ಕದ್ದಕ್ಕೆ ಸುದ್ದಿಯೂ ಮುಟ್ಟುವುದಿಲ್ಲ ಅಂತ ಹೇಳಿದೆ. ಸೆಕ್ರೆಟರಿ ಸಾಹೇಬರು ಬಹಳ ಹೊತ್ತು ತಲೆ ಆಡಿಸಿದರು. ಆಮೇಲೆ, ಐದನ್ನು ಎಲ್ಲಿಂದ ತರಿಸುತ್ತೀರಿ ಅಂತ ಕೇಳಿದರು.

ಮನೆಯಲ್ಲಿ ಅಬ್ಬಾಗೂ ಹೇಳಿದೆ. ಅವರು ಶಹಾಪುರದಲ್ಲೇ ತಗಡಿನ ಟ್ರಂಕು ಮಾಡುವವರು. ದಖನಿಯಲ್ಲಿ ಎರಡೇ ಪ್ರಶ್ನೆ ಕೇಳಿದರು. ಒಳಗಿನ ಐದಕ್ಕೂ ಬೀಗ ಬೇರೆ ಬೇರೆಯೇ? ಬೇರೆ ಅಂದೆ. ಕೀಲಿ ಯಾರ ಹತ್ತಿರ? ಐದೂ ನನ್ನ ಹತ್ತಿರ ಅಂದೆ. ಹಾಗಾದರೆ ಅದು ಒಂದೇ ಪೆಟ್ಟಿಗೆ ಅಂದು ಮತ್ತೆ ಸುತ್ತಿಗೆ ಹಿಡಿದರು. ಇಡೀ ಆಡಳಿತ ಮಂಡಳಿ ಸೇರಿ ಇಷ್ಟು ಚೆನ್ನಾಗಿ ತಿಳಿದುಕೊಂಡಿರಲಿಲ್ಲ.

ಸರ್ವರ್ ಬಂತು. ಮೊದಲ ಎರಡು ದಿನ ಅದು ನನ್ನ ಮಾತೇ ಕೇಳಲಿಲ್ಲ. ಒಳಗೆ ಇನ್ನೊಂದು ಮಷಿನ್ ನಡೆಸುವ ಶಕ್ತಿಯನ್ನು ಕಾರ್ಖಾನೆಯವರು ಆಫ್ ಮಾಡಿ ಕಳಿಸಿದ್ದರು, ಅದನ್ನು ಮಷಿನಿನ ಬುಡದ ಸೆಟ್ಟಿಂಗಿಗೆ ಹೋಗಿ ಆನ್ ಮಾಡಬೇಕು ಅಂತ ತಿಳಿಯುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಮೂರನೆಯ ದಿನ ಐದೂ ಎದ್ದು ಕೂತವು. ಆದರೆ ಯಾದಗಿರಿಯಿಂದ ಒಂದೂ ಕಾಣುತ್ತಿಲ್ಲ. ಹೊರಗಿನ ನೆಟ್‌ವರ್ಕಿಗೂ ಒಳಗಿನ ಮಷಿನುಗಳಿಗೂ ನಡುವೆ ಕಟ್ಟಬೇಕಾದ ಸೇತುವೆಯಲ್ಲಿ ನಾನೇ ಒಂದು ಅಂಕಿ ತಪ್ಪು ಬರೆದಿದ್ದೆ. ಅದನ್ನು ಹುಡುಕಲು ಇನ್ನೊಂದು ದಿನ. ಸ್ಟಾಫ್ ರೂಮಿನವರು ಚಹಾ ಕುಡಿದು ಬರುವಾಗೊಮ್ಮೆ ಇಣುಕಿ, ಇನ್ನೂ ಆಗಿಲ್ಲವೇ ಅಂತ ಕೇಳಿ ಹೋಗುತ್ತಿದ್ದರು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ನೋಡಿ, ಚಿತ್ರ ಬರುವುದು ಯಾವಾಗ ಅಂತಲೂ ಒಬ್ಬರು ಕೇಳಿದರು.

ನಿಜವಾದ ಕಷ್ಟ ಶುರುವಾದದ್ದು ಮೆಮೊರಿ ಹಂಚುವಾಗ. ಯಾವ ಮಷಿನಿಗೆ ಎಷ್ಟು ಮೆಮೊರಿ ಅಂತ ಮೂವರು ಪ್ರಿನ್ಸಿಪಾಲರೂ ಕೇಳಿದರು. ಮೆಮೊರಿ ಎಂದರೆ ಏನು ಅಂತ ಮೂವರೂ ಕೇಳಲಿಲ್ಲ. ಯಾದಗಿರಿ ಜಿಲ್ಲಾ ಕೇಂದ್ರ, ಆದ್ದರಿಂದ ತಮಗೆ ಹೆಚ್ಚು ಬರಬೇಕು ಅಂದರು ಯಾದಗಿರಿಯವರು. ಸುರಪುರದವರು ತಮ್ಮದು ಸಂಸ್ಥಾನದ ಊರು, ಅರಸರು ಆಳಿದ ನೆಲ, ಯಾದಗಿರಿಗಿಂತ ಒಂದು ಗುಲಗಂಜಿಯಷ್ಟು ಕಡಿಮೆಯಾದರೂ ಒಪ್ಪುವುದಿಲ್ಲ ಅಂದರು. ಪೆಟ್ಟಿಗೆ ಇರುವುದೇ ನಮ್ಮ ಊರಲ್ಲಿ ಅಂದರು ಶಹಾಪುರದವರು. ನಾನು ಮೂವರಿಗೂ ಸಮ ಕೊಟ್ಟೆ. ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ, ನಿಮ್ಮದಕ್ಕೆ ಸ್ವಲ್ಪ ಜಾಸ್ತಿ ಹಾಕಿದ್ದೇನೆ, ಉಳಿದವರಿಗೆ ಹೇಳಬೇಡಿ ಅಂದೆ. ಮೂವರೂ ಇವತ್ತಿನವರೆಗೂ ಗುಟ್ಟು ಕಾಪಾಡಿದ್ದಾರೆ. ಸುಳ್ಳು ಹೇಳುವುದು ಇಷ್ಟು ಸಲೀಸು ಅಂತ ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ನಗು ಬಂತು.

ಈ ಎಲ್ಲದರ ನಡುವೆ ಮುಖ ಗಂಟು ಹಾಕಿಕೊಂಡು ಕೂತವರು ಶಹಾಪುರ ಕಚೇರಿಯ ಹೆಡ್ ಕ್ಲರ್ಕ್. ಅವರ ಚಿಂತೆ ಬೇರೆ. ಕಚೇರಿಗೆ ಬಂದ ಪ್ರತಿ ಕಾಗದಕ್ಕೂ ನಂಬರ್ ಹಾಕಿ ಬರೆಯುವ ಆವಕ ರಿಜಿಸ್ಟರ್ ಇಪ್ಪತ್ತಾರು ವರ್ಷದಿಂದ ಅವರ ಕೈಯಲ್ಲಿತ್ತು. ಪ್ರತಿ ದಿನದ ಕೊನೆಗೆ ಅವರು ಎರಡು ಗೆರೆ ಖಾಲಿ ಬಿಡುತ್ತಿದ್ದರು. ನಂಬರ್ ಹಾಕಿರುತ್ತಿದ್ದರು, ಹೆಸರು ಮಾತ್ರ ಇಲ್ಲ. ಯಾರಾದರೂ ಲೆಕ್ಚರರ್ ಹೇಳದೆ ಮದುವೆಗೆ ಹೋಗಿ ಬಂದರೆ, ರಜೆಯ ಅರ್ಜಿ ಹೋದ ವಾರದ ಖಾಲಿ ಗೆರೆಯಲ್ಲಿ ಬಂದು ಕೂರುತ್ತಿತ್ತು. ದೊಡ್ಡವರ ಮಕ್ಕಳ ಅರ್ಜಿ ತಡವಾದರೂ ತಡವಾಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಗೆರೆಗಳಲ್ಲಿ ಬಡವರೂ ಕೂತಿದ್ದರು. ದೋರನಹಳ್ಳಿಯ ಕೂಲಿಯವರ ಮಗನೊಬ್ಬ ಕೊನೆಯ ದಿನ ತಪ್ಪಿಸಿಕೊಂಡು ಅಳುತ್ತ ನಿಂತಾಗ, ಇವರು ಒಂದು ಮಾತೂ ಆಡದೆ ಹಿಂದಿನ ಪುಟ ತಿರುವಿದ್ದನ್ನು ನಾನೇ ನೋಡಿದ್ದೆ. ಅದಕ್ಕೇ ಊರಲ್ಲಿ ಅವರಿಗೆ ಮರ್ಯಾದೆ. ಈಗ ನನ್ನ ಮಷಿನಿನಲ್ಲಿ ಅರ್ಜಿ ಬಂದ ಕೂಡಲೇ ನಂಬರ್ ತಾನೇ ಬೀಳುತ್ತದೆ, ಗಂಟೆ ನಿಮಿಷ ತಾನೇ ಕೂರುತ್ತದೆ, ಚೀಟಿ ತಾನೇ ಹೊರಬರುತ್ತದೆ. ಖಾಲಿ ಗೆರೆ ಬಿಡಲು ಎಲ್ಲಿ ಒತ್ತಬೇಕು ಅಂತ ಅವರು ಕೇಳಿದರು. ಹಾಗೆ ಬಿಡಲು ಬರುವುದಿಲ್ಲ ಅಂದೆ. ಇದೆಂಥ ಆಫೀಸು ಅಂದುಕೊಂಡು ಎದ್ದು ಹೋದರು.

ಉದ್ಘಾಟನೆಯ ದಿನ ಸರ್ವರಿಗೆ ಚೆಂಡುಹೂವಿನ ಹಾರ ಹಾಕಿದರು. ಬೇಡ ಅನ್ನುವಷ್ಟರಲ್ಲಿ ಎಸಳುಗಳು ಫ್ಯಾನಿನ ಜಾಲರಿಗೆ ಅಂಟಿಕೊಂಡು, ಮಷಿನ್ ಗುಂಯ್ ಅಂತ ಏದುಸಿರು ಬಿಡತೊಡಗಿತು. ಸಾಹೇಬರು ಮಷಿನ್ ಮಂತ್ರ ಹೇಳಲು ಶುರು ಮಾಡಿದೆ ಅಂದರು, ಎಲ್ಲರೂ ನಕ್ಕರು. ಐದು ಕಂಪ್ಯೂಟರ್ ಅಂತ ಆಹ್ವಾನ ಪತ್ರಿಕೆಯಲ್ಲಿ ಹಾಕಿದ್ದರಿಂದ ಬಂದವರಲ್ಲಿ ಇಬ್ಬರು ಸರ್ವರಿನ ಹಿಂದೆ ಹೋಗಿ ಉಳಿದ ನಾಲ್ಕನ್ನು ಹುಡುಕಿದರು.

ನನಗೂ ಅವತ್ತು ಹುರುಪು ಬಂದುಬಿಟ್ಟಿತ್ತು. ಏನಾದರೂ ಮಾಡಿ ತೋರಿಸಬೇಕು ಅನ್ನಿಸಿತು. ಸ್ನ್ಯಾಪ್‌ಶಾಟ್ ಎಂದರೆ ಮಷಿನ್ ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ತೆಗೆದಿಡುವುದು, ಆಮೇಲೆ ಏನೇ ಎಡವಟ್ಟಾದರೂ ಆ ಗಳಿಗೆಗೆ ಹಿಂದಿರುಗಬಹುದು ಅಂತ ವಿವರಿಸಿದೆ. ಎಲ್ಲರೂ ಆಕಳಿಸಿದರು. ಆಗ ಹಾಸ್ಟೆಲ್ ಮಷಿನಿನಲ್ಲಿದ್ದ ಹೋದ ವರ್ಷದ ಪಟ್ಟಿಯನ್ನು ಎಲ್ಲರ ಕಣ್ಣೆದುರು ಅಳಿಸಿಹಾಕಿದೆ. ಸಭೆಗೆ ಎಚ್ಚರವಾಯಿತು. ಹತ್ತು ನಿಮಿಷದ ಹಿಂದಿನ ಗಳಿಗೆಗೆ ಮಷಿನನ್ನು ವಾಪಸು ಒಯ್ದೆ. ಪಟ್ಟಿ ಅಲ್ಲೇ ಇತ್ತು, ಏನೂ ಆಗಿಯೇ ಇಲ್ಲ ಎಂಬಂತೆ. ಜೋರಾಗಿ ಚಪ್ಪಾಳೆ ಬಿತ್ತು. ಹೆಡ್ ಕ್ಲರ್ಕ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕುರ್ಚಿಯ ತುದಿಗೆ ಬಂದು ಕೂತು ತೆರೆಯನ್ನೇ ನೋಡುತ್ತಿದ್ದರು. ಅಲ್ಲಿದ್ದ ಎಪ್ಪತ್ತು ಜನರಲ್ಲಿ ನಾನು ಮಾಡಿದ್ದು ಅರ್ಥವಾದದ್ದು ಅವರೊಬ್ಬರಿಗೆ.

ಮರುದಿನದಿಂದ ಜನ ನನ್ನ ಕೋಣೆಗೆ ಬರತೊಡಗಿದರು. ಕಲಬುರಗಿಯಿಂದ ಬಸ್ಸಿನಲ್ಲಿ ಬಂದುಹೋಗುವ ಭೌತಶಾಸ್ತ್ರದವರು ಹಾಜರಿ ಮಷಿನನ್ನು ದಿನವೂ ಒಂದು ಅರ್ಧ ಗಂಟೆ ಹಿಂದಕ್ಕೆ ಒಯ್ಯಲು ಆಗುತ್ತದೆಯೇ ಅಂತ ಕೇಳಿದರು. ಇನ್ನೊಬ್ಬರಿಗೆ ಫೋನಿನಿಂದ ಹೋದ ಫೋಟೋ ಬೇಕಿತ್ತು. ಸುರಪುರದ ಪ್ರಿನ್ಸಿಪಾಲರು ಹೋದ ವರ್ಷದ ಫಲಿತಾಂಶ ಬಹಳ ಕೆಟ್ಟದಾಗಿತ್ತು, ಅದರ ಹಿಂದಿನ ವರ್ಷಕ್ಕೆ ಹೋಗಲು ಬರುವುದಾದರೆ ನೋಡಿ ಅಂದರು. ಅವರು ತಮಾಷೆ ಮಾಡುತ್ತಿಲ್ಲ ಅಂತ ಗೊತ್ತಾದಾಗ ನನಗೆ ನಗಲೂ ಆಗಲಿಲ್ಲ. ಎಲ್ಲರಿಗೂ ಆಗುವುದಿಲ್ಲ ಅಂದೆ. ನನ್ನ ಬಗ್ಗೆ ನನಗೇ ಗೌರವ ಹೆಚ್ಚಿತು.

ಹಾಸ್ಟೆಲ್ ಅರ್ಜಿ ಶುರುವಾದದ್ದು ಒಂದು ಸೋಮವಾರ. ನಲವತ್ತು ಸೀಟು, ಮೊದಲು ಬಂದವರಿಗೆ ಮೊದಲು. ಕೌಂಟರಿನಲ್ಲಿ ನಾನೇ ಕೂತಿದ್ದೆ. ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ದಿನವೂ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುವುದು ನನ್ನ ರೂಢಿ. ಅವತ್ತು ತೆಗೆದಾಗ ಮೂವತ್ತೊಂಬತ್ತು ಆಗಿತ್ತು. ಊಟ ಮುಗಿಸಿ ಬಂದಾಗ ಕೌಂಟರಿನ ಮುಂದೆ ಒಬ್ಬ ಹುಡುಗಿ ನಿಂತಿದ್ದಳು. ಕಡೇಚೂರಿನವಳು, ನಮ್ಮಲ್ಲಿ ಶಹಾಪುರದಲ್ಲಿ ಮಾತ್ರ ಇರುವ ಬಿ.ಎಸ್ಸಿ.ಗೆ ಸೇರಿದ್ದಳು. ತಾಯಿ ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳಂತೆ. ಅಲ್ಲಿಂದ ಯಾದಗಿರಿ, ಯಾದಗಿರಿಯಿಂದ ಇಲ್ಲಿಗೆ, ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ. ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ತಾಯಿಯ ಜೊತೆ ಪ್ಯಾಕಿಂಗ್ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಇದನ್ನು ಅವಳು ಗೋಳಿನಂತೆ ಹೇಳಲಿಲ್ಲ, ಬಸ್ಸಿನ ಟೈಮ್ ಹೇಳಿದಂತೆ ಹೇಳಿದಳು. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳ ಚೀಟಿ ಬಂತು. ನಂಬರ್ ನಲವತ್ತು. ಅವಳು ಅದನ್ನು ಎರಡು ಸಲ ಓದಿ ಪುಸ್ತಕದೊಳಗೆ ಇಟ್ಟುಕೊಂಡಳು. ಅವಳ ಹಿಂದೆ ಬಂದ ನಾಲ್ವರಿಗೆ ಕಾಯುವ ಪಟ್ಟಿ.

ಬುಧವಾರ ಬೆಳಿಗ್ಗೆ ಹೆಡ್ ಕ್ಲರ್ಕ್ ನನ್ನ ಕೋಣೆಗೆ ಬಂದರು. ಅವರೇ ಬಂದದ್ದು ಅದೇ ಮೊದಲು. ಬಾಗಿಲು ಮುಂದೆ ಮಾಡಿ ಕೂತರು. ಸೆಕ್ರೆಟರಿ ಸಾಹೇಬರ ನಾದಿನಿಯ ಮಗಳು, ಸುರಪುರದವಳು, ಅವಳಿಗೆ ಸೀಟು ಬೇಕು. ಅವರು ಎಲ್ಲವನ್ನೂ ಯೋಚಿಸಿಕೊಂಡೇ ಬಂದಿದ್ದರು. ಮಷಿನನ್ನು ಸೋಮವಾರ ಊಟದ ಹೊತ್ತಿಗೆ ವಾಪಸು ಒಯ್ಯುವುದು, ಅದರ ಗಡಿಯಾರವನ್ನೂ ಅಲ್ಲಿಗೆ ತಿರುಗಿಸುವುದು, ಈ ಹುಡುಗಿಯನ್ನು ನಲವತ್ತಕ್ಕೆ ಕೂರಿಸುವುದು, ಮಿಕ್ಕ ಐವರನ್ನು ಒಂದೊಂದು ಕೆಳಗೆ ಇಳಿಸಿ ಮತ್ತೆ ಬರೆಯುವುದು. ಲಿನಕ್ಸ್ ಎಂಬ ಶಬ್ದ ಕೂಡ ನೆಟ್ಟಗೆ ಹೇಳಲು ಬಾರದ ಮನುಷ್ಯ ಒಂದು ತಪ್ಪೂ ಇಲ್ಲದೆ ಕೆಲಸದ ಕ್ರಮ ಹೇಳಿದರು.

ಇದು ಸರಿಯಲ್ಲ ಸರ್ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ.

“ಮೇಡಂ, ನೀವು ನೌಕ್ರಿಗಿ ಅರ್ಜಿ ಹಾಕಿದ್ದು ನೆನಪದ ಏನ್ರಿ? ಎರಡು ದಿನ ತಡ ಆಗಿತ್ತು. ಅದೂ ನನ್ನ ಒಂದು ಗೆರಿಯಾಗೇ ಕೂತದ.”

ನನಗೆ ಇದು ಗೊತ್ತಿರಲಿಲ್ಲ. ಅಂಚೆಯಲ್ಲಿ ಹಾಕಿದ್ದೆ, ಸಮಯಕ್ಕೆ ಮುಟ್ಟಿತು ಅಂದುಕೊಂಡಿದ್ದೆ. ಎಂಟು ವರ್ಷ ನಾನು ಯಾರನ್ನು ಮನಸ್ಸಿನಲ್ಲೇ ಆಡಿಕೊಂಡು ನಗುತ್ತಿದ್ದೆನೋ, ಅವರು ಒಂದು ದಿನವೂ ಬಾಯಿಬಿಡದೆ ನನ್ನ ಅನ್ನಕ್ಕೆ ದಾರಿ ಮಾಡಿಕೊಟ್ಟಿದ್ದರು. ಆಗ ಅವರು ಇನ್ನೊಂದು ಮಾತು ಸೇರಿಸಿದರು.

“ಈ ಮೂರೂ ಊರಾಗ ಈ ಕೆಲಸ ಬಲ್ಲೋರು ನೀವೊಬ್ರೇ ಇದ್ದೀರಿ. ಸಾಹೇಬ್ರಿಗೂ ಹಂಗೇ ಹೇಳೀನಿ.”

ಋಣದ ಮಾತಿಗೆ ನಾನು ಮಣಿದೆ ಅಂತ ಬರೆದರೆ ಓದುವವರಿಗೆ ಸ್ವಲ್ಪ ಕನಿಕರ ಹುಟ್ಟಬಹುದು. ನಿಜವೆಂದರೆ ನಾನು ಮಣಿದದ್ದು ಎರಡನೆಯ ಮಾತಿಗೆ. ಎಂಟು ವರ್ಷದಿಂದ ಯಾರಾದರೂ ಹೀಗೆ ಅನ್ನಲಿ ಅಂತ ಬಾಯಿಬಿಟ್ಟುಕೊಂಡು ಕಾದಿದ್ದೆ. ಅವರು ಬೆಣ್ಣೆ ಹಚ್ಚುತ್ತಿದ್ದಾರೆ ಅಂತ ಗೊತ್ತಿತ್ತು, ಹಚ್ಚಿಸಿಕೊಂಡೆ. ಅವರು ಎದ್ದು ಹೋದ ಮೇಲೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಹಿಂದಕ್ಕೆ ಒಯ್ಯುವ ಮುಂಚೆ, ಆಗ ಮಷಿನ್ ಇದ್ದ ಸ್ಥಿತಿಯನ್ನೂ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟೆ. ಒಳ್ಳೆಯತನದಿಂದಲ್ಲ, ಅಭ್ಯಾಸದಿಂದ. ಗಡಿಯಾರ ತಿರುಗಿಸಿದೆ, ಸುರಪುರದ ಹುಡುಗಿಯನ್ನು ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಕೂರಿಸಿದೆ, ಕಡೇಚೂರಿನವಳನ್ನು ಅದೇ ಎರಡು ಇಪ್ಪತ್ತಕ್ಕೆ ನಲವತ್ತೊಂದು ಮಾಡಿದೆ. ಎಲ್ಲೂ ಒಂದು ಸುಳಿವು ಉಳಿಯಲಿಲ್ಲ. ಎಷ್ಟು ನೀಟಾಗಿದೆ ಅಂತ ನಾನೇ ಎರಡು ಸಲ ನೋಡಿದೆ. ಆ ಖುಷಿಯನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಸಂಜೆ ಸೆಕ್ರೆಟರಿ ಸಾಹೇಬರು ನನಗೆ ಚಹಾ ತರಿಸಿದರು.

ಶುಕ್ರವಾರ ಆ ಹುಡುಗಿ ತಾಯಿಯ ಜೊತೆ ಬಂದಳು. ಸೀಟು ಖಾತ್ರಿ ಅಂತ ನಂಬಿಕೊಂಡು ಸಾಮಾನು ಸಮೇತ ಬಂದಿದ್ದರು. ಒಂದು ಕೌದಿ, ಒಂದು ಬಕೆಟ್ಟು, ಬಕೆಟ್ಟಿನಲ್ಲಿ ತಟ್ಟೆ ಲೋಟ. ತಾಯಿ ಅವತ್ತು ಫ್ಯಾಕ್ಟರಿಗೆ ರಜೆ ಹಾಕಿದ್ದಳು. ಪಟ್ಟಿ ಇನ್ನೂ ನೋಟಿಸ್ ಬೋರ್ಡಿಗೆ ಹೋಗಿರಲಿಲ್ಲ, ಹೆಡ್ ಕ್ಲರ್ಕರ ಮೇಜಿನ ಮೇಲಿತ್ತು. ಅವರು ಬೆರಳಿಟ್ಟು ನೋಡಿ, ನಲವತ್ತೊಂದು, ಕಾಯುವ ಪಟ್ಟಿ ಅಂದರು. ಹುಡುಗಿ ಪುಸ್ತಕದಿಂದ ಚೀಟಿ ತೆಗೆದು ತೋರಿಸಿದಳು. ಅವರು ಅದನ್ನು ಮುಟ್ಟದೆಯೇ ಸರ್ವರ್ ಪ್ರಾಬ್ಲಂ ಅಂದರು. ಅವಳು ಪಕ್ಕದ ಕೌಂಟರಿಗೆ, ನನ್ನ ಹತ್ತಿರ ಬಂದಳು.

“ಮೇಡಂ, ಇದ್ರಾಗ ನಲವತ್ತು ಅಂತ ಅದರಿ. ಚೀಟಿ ನೀವೇ ಕೊಟ್ಟೀರಿ.”

ನಾನು ತೆರೆಯನ್ನು ಅವಳ ಕಡೆ ತಿರುಗಿಸಿದೆ, ದೊಡ್ಡ ಪ್ರಾಮಾಣಿಕಳಂತೆ. ಅಲ್ಲಿ ನಲವತ್ತೊಂದು ಅಂತಲೇ ಇತ್ತು. ಸರ್ವರ್ ಪ್ರಾಬ್ಲಂ ಆಗಿತ್ತು ನೋಡಮ್ಮ ಅಂದೆ. ಅರ್ಜಿ ಶುರುವಾದ ದಿನದಿಂದ ನನ್ನ ಸರ್ವರಿಗೆ ಒಂದೇ ಒಂದು ಪ್ರಾಬ್ಲಂ ಬಂದಿರಲಿಲ್ಲ. ಹುಡುಗಿ ತೆರೆಯನ್ನೂ ಚೀಟಿಯನ್ನೂ ನೋಡಿ, ಕೊನೆಗೆ ನನ್ನ ಮುಖ ನೋಡುತ್ತ ನಿಂತಳು. ತಾಯಿ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದಳು.

“ಮಷಿನ್ ಅಂದ್ರ ಹಂಗೇ ಇರ್ತದವ್ವ. ನಮ್ಮ ಫ್ಯಾಕ್ಟರಿಯಾಗೂ ಕೆಡ್ತಾವ. ಮೇಡಮ್ಮಾರ್ದು ಏನ್ ತಪ್ಪದ ಅದ್ರಾಗ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಸಿಕೊಂಡು ನನಗೆ ರೂಢಿಯಿದೆ. ಅವಳು ನನ್ನ ಪರ ವಾದಿಸಿಬಿಟ್ಟಳು. ಬಕೆಟ್ಟು ಎತ್ತಿಕೊಂಡು ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಬಕೆಟ್ಟಿನೊಳಗಿನ ಲೋಟದ ಸದ್ದು ಗೇಟಿನವರೆಗೂ ಕೇಳುತ್ತಿತ್ತು.

ನನಗೆ ನಾಚಿಕೆಯಾಯಿತು. ಬೇರೆ ಶಬ್ದ ಹುಡುಕುವುದಿಲ್ಲ, ನಾಚಿಕೆಯೇ. ಒಂದು ಗಂಟೆ ಹಾಗೇ ಕೂತೆ. ಎದ್ದು ಹೋಗಿ ತಪ್ಪೊಪ್ಪಿಕೊಂಡೆ ಅಂತ ಬರೆಯಲು ಆಸೆಯಿದೆ, ಹಾಗೆ ಮಾಡಲಿಲ್ಲ. ಕದ್ದು ಮಾಡಿದ್ದನ್ನು ಕದ್ದೇ ತಿದ್ದಿದೆ. ಬುಧವಾರ ಬೆಳಿಗ್ಗೆ ಅಭ್ಯಾಸದಿಂದ ತೆಗೆದಿಟ್ಟಿದ್ದ ಸ್ಥಿತಿಗೆ ಮಷಿನನ್ನು ವಾಪಸು ತಂದೆ. ಅದರ ನಂತರ ಬಂದಿದ್ದ ಎರಡು ಅರ್ಜಿಗಳನ್ನು, ಸುರಪುರದ ಹುಡುಗಿಯದನ್ನೂ, ಅವು ಬಂದ ಕ್ರಮದಲ್ಲೇ ಕೊನೆಗೆ ಸೇರಿಸಿದೆ. ನಲವತ್ತು ಹೆಸರಿನ ಪಟ್ಟಿ ತೆಗೆದು, ಮೂರು ಪ್ರತಿ ಮಾಡಿ, ಒಂದನ್ನು ವಾರ್ಡನ್ ಕೈಗೆ ಕೊಟ್ಟೆ, ಒಂದನ್ನು ನೋಟಿಸ್ ಬೋರ್ಡಿಗೆ, ಇನ್ನೊಂದನ್ನು ಹಾಸ್ಟೆಲ್ ಬಾಗಿಲಿಗೆ ಅಂಟಿಸಿದೆ. ಐದು ನಿಮಿಷದಲ್ಲಿ ಹುಡುಗಿಯರು ಮುತ್ತಿಕೊಂಡು ಓದತೊಡಗಿದರು. ಇನ್ನು ಅದನ್ನು ಹರಿಯುವುದು ಯಾರಿಗೂ ಸುಲಭವಿರಲಿಲ್ಲ.

ಹೆಡ್ ಕ್ಲರ್ಕ್ ಮುಖ ಕೆಂಪಗೆ ಮಾಡಿಕೊಂಡು ಬಂದು, ಪಟ್ಟಿ ಹೇಗೆ ಬದಲಾಯಿತು ಅಂತ ಕೇಳಿದರು. ಸರ್ವರ್ ಪ್ರಾಬ್ಲಂ ಸರ್ ಅಂದೆ. ಅವರು ನೋಟಿಸ್ ಬೋರ್ಡಿನ ಮುಂದಿದ್ದ ಗುಂಪನ್ನು ಒಮ್ಮೆ ನೋಡಿ ಹೊರಟುಹೋದರು. ಅವತ್ತಿನಿಂದ ನನ್ನ ಜೊತೆ ಮಾತು ಕಡಿಮೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಋಣ ತೀರಿತು ಅಂತಲೂ ಅನ್ನಿಸುವುದಿಲ್ಲ.

ಸುರಪುರದ ಹುಡುಗಿಗೆ ಏನಾಯಿತು ಅಂತೀರಾ? ಸೋಮವಾರ ಅವಳೂ ಹಾಸ್ಟೆಲಿಗೆ ಬಂದಳು. ಹಳೆಯ ಬೆಂಚು ತುಂಬಿದ್ದ ಕೋಣೆಯಿಂದ ಇಬ್ಬರು ಪ್ಯೂನುಗಳು ಒಂದು ಕಬ್ಬಿಣದ ಮಂಚ ಹೊರತಂದು, ದೂಳು ಒರೆಸಿ, ಆರನೆಯ ಕೋಣೆಯ ಕಿಟಕಿಯ ಪಕ್ಕ ಹಾಕಿದರು. ಹತ್ತು ನಿಮಿಷದ ಕೆಲಸ. ನಲವತ್ತೊಂದನೆಯ ಮಂಚ ಅಲ್ಲಿ ಬಹಳ ವರ್ಷಗಳಿಂದ ಇತ್ತಂತೆ. ಅದನ್ನು ಹೊರತೆಗೆಯುವುದಕ್ಕಿಂತ ನನ್ನಿಂದ ಸೋಮವಾರವನ್ನು ಹಿಂದಕ್ಕೆ ತಿರುಗಿಸುವುದು ಎಲ್ಲರಿಗೂ ಸುಲಭವಾಗಿ ಕಂಡಿತ್ತು.

ಕಡೇಚೂರಿನ ಹುಡುಗಿಗೆ ನಾನೇ ಫೋನ್ ಮಾಡಿದ್ದೆ, ಅದೇ ಶುಕ್ರವಾರ ಸಂಜೆ. ಅವರಿನ್ನೂ ಯಾದಗಿರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಸರಿಯಾಗಿದೆ, ಸೀಟು ಸಿಕ್ಕಿದೆ, ಬಾ ಅಂದೆ. ಅವಳು ಖುಷಿಪಡುವ ಮುಂಚೆ ಒಂದು ಪ್ರಶ್ನೆ ಕೇಳಿದಳು.

“ಮಷಿನ್ ತಾನೇ ರಿಪೇರಿ ಆತೇನ್ರಿ ಮೇಡಂ?”

ಹೂಂ ಅಂದೆ. ಆಯಿತು, ಬರುತ್ತೇವೆ ಅಂದಳು.

ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ. ಲ್ಯಾಬಿಗೆ ಬರುತ್ತಾಳೆ, ನಮಸ್ಕಾರ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಮರ್ಯಾದೆಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆಯಿಲ್ಲ. ಪರೀಕ್ಷೆಯ ಅರ್ಜಿ, ಗ್ರಂಥಾಲಯದ ಚೀಟಿ, ಹಾಸ್ಟೆಲಿನ ರಸೀದಿ, ನನ್ನ ಕೌಂಟರಿನಿಂದ ಏನೇ ಕಾಗದ ಕೊಟ್ಟರೂ ಅವಳು ಕೈಗೆ ತೆಗೆದುಕೊಳ್ಳುವುದಿಲ್ಲ. ಮೊದಲು ಕೌಂಟರಿನ ಮೇಲೇ ಇಡಿಸಿ, ಫೋನ್ ತೆಗೆದು, ನಂಬರೂ ಗಂಟೆಯೂ ಕಾಣುವಂತೆ ಒಂದು ಫೋಟೋ ಹೊಡೆದುಕೊಳ್ಳುತ್ತಾಳೆ, ನನ್ನ ಎದುರಿಗೇ. ನಾನು ಕಾಗದದ ಮಡಿಕೆ ಬಿಡಿಸಿ, ಫ್ಯಾನಿನ ಗಾಳಿಗೆ ಅಲುಗದ ಹಾಗೆ ಎರಡೂ ಮೂಲೆ ಒತ್ತಿ ಹಿಡಿದುಕೊಳ್ಳುತ್ತೇನೆ.